ಮರದ ಮನೆಯ ಬುಡದ ಸಂದು: ಮಳೆಗೆ ಮುಂಚೆಯೇ ಮುಚ್ಚಿ

ಭತ್ತ ಕೊಯ್ದು, ಒಕ್ಕಿ, ತೂರಿ, ಒಣಗಿಸಿ ಮನೆ ತುಂಬಿಸುವವರೆಗೆ ರೈತರಿಗೆ ಬಿಡುವಿಲ್ಲ. ಮನೆ ತುಂಬಿದ ಮೇಲೆ ಮಾತ್ರ ನಿಶ್ಚಿಂತೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬಯಲುಸೀಮೆಯ ಕಲ್ಲುಗೋಡೆಯ ಮನೆಗಳಿಗೆ ಈ ಮಾತು ಸ್ವಲ್ಪ ಮಟ್ಟಿಗೆ ಒಪ್ಪೀತು. ಮಲೆನಾಡಿನ ಹಳೆಯ ಮರದ ಮನೆಗಳಿಗೆ ಒಪ್ಪುವುದಿಲ್ಲ. ಅಲ್ಲಿ ಬೆಳೆಗೆ ಎರಡನೆಯ ಗಂಡಾಂತರ ಕಾದಿರುವುದು ಗೋಡೆಯ ಬುಡದಲ್ಲಿ, ಕಲ್ಲುಕಟ್ಟೆಗೂ ಮರಕ್ಕೂ ನಡುವೆ ಇರುವ ಬೆರಳಗಲದ ಸಂದಿನಲ್ಲಿ.

ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡದ ಘಟ್ಟದ ಮೇಲಿನ ಊರುಗಳಲ್ಲಿ ಇಂಥ ಮನೆಗಳು ಈಗಲೂ ಇವೆ. ಕಲ್ಲಿನ ಪಂಚಾಂಗದ ಮೇಲೆ ಮರದ ಕಂಬ, ಕಂಬಗಳ ಬುಡದಲ್ಲಿ ಅಡ್ಡಲಾಗಿ ಮಲಗಿಸಿದ ದಪ್ಪ ಮರ, ಅದರ ಮೇಲೆ ಹಲಗೆಯ ಗೋಡೆ ಅಥವಾ ಬಿದಿರು ತಟ್ಟಿಗೆ ಮಣ್ಣು ಮೆತ್ತಿದ ಗೋಡೆ. ವಾಸದ ಮನೆಯನ್ನು ಹೊಸದಾಗಿ ಕಟ್ಟಿಕೊಂಡವರೂ ಹಳೆಯ ಭಾಗವನ್ನು ಭತ್ತ, ಅಡಿಕೆ, ಕಾಳುಮೆಣಸು ಇಡುವ ಉಗ್ರಾಣವಾಗಿ ಉಳಿಸಿಕೊಂಡಿರುವುದುಂಟು. ಬುಡದಲ್ಲಿ ಮಲಗಿರುವ ಆ ಅಡ್ಡ ಮರವನ್ನು ಈ ಲೇಖನದಲ್ಲಿ ‘ಅಡಿಮರ’ ಎಂದು ಕರೆಯೋಣ. ಇಡೀ ಗೋಡೆಯ ಭಾರ ಹೊರುವುದು ಅದೇ. ಮೊದಲು ಹಾಳಾಗುವುದೂ ಅದೇ.

ಸಂದು ಏಕೆ ಬೀಳುತ್ತದೆ?

ಮರವನ್ನು ಕಡಿದು ಎಷ್ಟು ವರ್ಷವಾದರೂ ಅದು ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಈ ಉಬ್ಬು-ಕುಗ್ಗು ಮರದ ಉದ್ದಕ್ಕೆ ಬಹಳ ಕಡಿಮೆ, ಅಗಲಕ್ಕೆ ಮತ್ತು ದಪ್ಪಕ್ಕೆ ಹೆಚ್ಚು. ಸಾಗುವಾನಿ ಮರಗಳಲ್ಲೆಲ್ಲ ಕಡಿಮೆ ಅಲುಗಾಡುವ ಜಾತಿ. ಆದರೂ ಒಂದು ಅಡಿ ಅಗಲದ ಸಾಗುವಾನಿ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ 3ರಿಂದ 4 ಮಿಲಿಮೀಟರ್ ವ್ಯತ್ಯಾಸವಾಗಬಲ್ಲದು. ಕಾಡುಜಾತಿಯ ಮರಗಳಲ್ಲಿ ಇನ್ನೂ ಹೆಚ್ಚು.

ಕೆಳಗಿನ ಕಲ್ಲು ಮಾತ್ರ ಅಲುಗುವುದಿಲ್ಲ. ಮೇಲೆ ಅಲುಗುವ ಮರ, ಕೆಳಗೆ ಅಲುಗದ ಕಲ್ಲು. ಇವೆರಡರ ನಡುವೆ ಹಿರಿಯರು ತುಂಬಿದ್ದ ಸುಣ್ಣದ ಗಾರೆ ಕಾಲಕ್ರಮದಲ್ಲಿ ಉದುರಿಹೋಗುತ್ತದೆ. ಅದರ ಜೊತೆಗೆ ಕಂಬ ಒಂದು ಕಡೆ ಕುಸಿದಿದ್ದರೆ, ಅಡಿಮರದ ತಳವನ್ನು ಗೆದ್ದಲು ತಿಂದಿದ್ದರೆ, ಸಂದು ಒಂದು ಅಂಗುಲಕ್ಕೂ ಬಂದಿರುತ್ತದೆ.

ನಷ್ಟ ಎಲ್ಲಿ, ಎಷ್ಟು?

ಮೊದಲನೆಯದು ಇಲಿ. ಕಾಲಂಗುಲ, ಅಂದರೆ ಸುಮಾರು 6 ಮಿ.ಮೀ. ಸಂದಿದ್ದರೆ ಸುಂಡಿಲಿ ನುಸುಳುತ್ತದೆ. ಅರ್ಧ ಅಂಗುಲಕ್ಕೆ ಮರಿ ಹೆಗ್ಗಣ ತೂರುತ್ತದೆ. ಮರದ ಅಂಚನ್ನು ಕಡಿದು ದಾರಿ ಅಗಲ ಮಾಡಿಕೊಳ್ಳುವುದು ಅವಕ್ಕೆ ಕಷ್ಟವೇನಲ್ಲ. ಬೆಳೆದ ಒಂದು ಇಲಿ ದಿನಕ್ಕೆ ಸುಮಾರು 25 ಗ್ರಾಂ ಕಾಳು ತಿನ್ನುತ್ತದೆ. ಉಗ್ರಾಣದಲ್ಲಿ ಹತ್ತು ಇಲಿ ನೆಲೆಸಿದರೆ ದಿನಕ್ಕೆ ಕಾಲು ಕಿಲೋ, ವರ್ಷಕ್ಕೆ 90 ಕಿಲೋ ದಾಟುತ್ತದೆ. ಹೆಚ್ಚುಕಡಿಮೆ ಒಂದು ಕ್ವಿಂಟಲ್ ಭತ್ತ ಹೋದಂತಾಯಿತು. ತಿಂದಿದ್ದಕ್ಕಿಂತ ಹಿಕ್ಕೆ, ಉಚ್ಚೆ, ಕೂದಲಿನಿಂದ ಕೆಡಿಸಿದ್ದು ಹೆಚ್ಚು. ಇಲಿಯ ಉಚ್ಚೆಯಿಂದ ಇಲಿಜ್ವರ ಹರಡುತ್ತದೆ ಎಂಬುದನ್ನು ಮರೆಯಬಾರದು. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ ಎಂಬುದನ್ನು ಮಲೆನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ತೇವ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ನೀರಿನ ತುಂತುರನ್ನು ಹೊತ್ತು ತಂದು ಗೋಡೆಯ ಬುಡಕ್ಕೆ ಬಡಿಯುತ್ತದೆ. ಕೂಡಿಡುವ ಭತ್ತದಲ್ಲಿ ತೇವ ಶೇ. 14ಕ್ಕಿಂತ ಕಡಿಮೆ ಇರಬೇಕು. ನೀವು ಎಷ್ಟೇ ಚೆನ್ನಾಗಿ ಒಣಗಿಸಿಟ್ಟರೂ ಹಗಲೂ ರಾತ್ರಿ ಒದ್ದೆ ಗಾಳಿ ಬಡಿಯುತ್ತಿದ್ದರೆ ಕಾಳು ಮತ್ತೆ ತೇವ ಹೀರಿಕೊಳ್ಳುತ್ತದೆ. ಗೋಡೆ ಬದಿಯ ಚೀಲಗಳೇ ಮೊದಲು ಮುಗ್ಗುವುದು ಈ ಕಾರಣಕ್ಕೆ. ಅಡಿಕೆ ಬೂಷ್ಟು ಹಿಡಿದರೆ ದರ್ಜೆ ಇಳಿಯುತ್ತದೆ, ದರ ಬೀಳುತ್ತದೆ.

ಮೂರನೆಯದು ಮನೆಯೇ. ಮರದ ತೇವ ಶೇ. 20ನ್ನು ದಾಟಿ ಬಹಳ ದಿನ ಹಾಗೆಯೇ ನಿಂತರೆ ಕೊಳೆಸುವ ಶಿಲೀಂಧ್ರ ಹತ್ತುತ್ತದೆ. ಅಡಿಮರ ಕೊಳೆತರೆ ಕಂಬ ಇಳಿಯುತ್ತದೆ, ಕಂಬ ಇಳಿದರೆ ತೊಲೆ ವಾಲುತ್ತದೆ. ಬೆರಳಗಲದ ಸಂದಿನ ಅಸಡ್ಡೆ ಕೊನೆಗೆ ಮಾಡಿಗೆ ಮುಟ್ಟುತ್ತದೆ.

ಸಿಮೆಂಟು ಏಕೆ ಬೇಡ?

ಸಂದು ಕಂಡ ಕೂಡಲೇ ಒಂದು ಬಾಂಡ್ಲಿ ಸಿಮೆಂಟು ಗಾರೆ ಕಲಸಿ, ಕಟ್ಟೆಯಿಂದ ಅಡಿಮರದ ಮೇಲೆ ಒಂದು ಗೇಣು ಎತ್ತರಕ್ಕೆ ಮೆತ್ತಿಬಿಡುವುದು ಈಗಿನ ರೂಢಿ. ಮೊದಲ ವರ್ಷ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಹಳ್ಳಿ ಭೇಟಿಯಲ್ಲಿ ನೋಡಿದ ಒಂದು ಮನೆಯಲ್ಲಿ ಹೀಗೆ ಮೆತ್ತಿ ಮೂರು ಮಳೆಗಾಲ ಕಳೆದಿತ್ತು. ಗಾರೆಯನ್ನು ಒಡೆದು ನೋಡಿದರೆ ಒಳಗಿನ ಅಡಿಮರ ಕೈಯಲ್ಲಿ ಹಿಡಿದರೆ ಪುಡಿಯಾಗುವಂತಿತ್ತು. “ಸಿಮೆಂಟು ಹಾಕಿದ್ದೆವಲ್ಲ ಸಾರ್, ಮತ್ತೆ ನೀರು ಎಲ್ಲಿಂದ ಬಂತು?” ಎಂದು ಮನೆಯವರು ಕೇಳಿದರು.

ಕೇಳಬೇಕಾದ ಪ್ರಶ್ನೆಯೇ. ಉತ್ತರ ಇಷ್ಟು: ಸಿಮೆಂಟು ಮರಕ್ಕೆ ಅಂಟುವುದಿಲ್ಲ. ಮರ ಕುಗ್ಗಿದಾಗ ಎರಡರ ನಡುವೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಗೋಡೆಯ ಮೇಲೆ ಇಳಿದ ಮಳೆನೀರು ಆ ಬಿರುಕಿನೊಳಗೆ ಇಳಿಯುತ್ತದೆ. ಇಳಿದ ನೀರಿಗೆ ಹೊರಬರಲು ದಾರಿಯಿಲ್ಲ, ಒಣಗಲು ಗಾಳಿಯಿಲ್ಲ. ಅಂದರೆ ಅಡಿಮರವನ್ನು ನೀರಿನ ತೊಟ್ಟಿಯಲ್ಲಿ ಕೂರಿಸಿದಂತಾಯಿತು. ಗೆದ್ದಲಿಗೂ ಕತ್ತಲೆ ಮತ್ತು ತೇವ ಎರಡೂ ಒಂದೇ ಕಡೆ ಸಿಕ್ಕವು. ಸಂದು ಹಾಗೆಯೇ ಇದ್ದಿದ್ದರೆ ಅಷ್ಟು ಬೇಗ ಆ ಮರ ಕೊಳೆಯುತ್ತಿರಲಿಲ್ಲ.

ಪೇಟೆಯಲ್ಲಿ ಸಿಗುವ ನೊರೆಯಂತೆ ಉಬ್ಬುವ ಫೋಮ್‌ನ ಕಥೆಯೂ ಹೆಚ್ಚು ಬೇರೆಯಲ್ಲ. ಗಾಳಿಯನ್ನು ತಡೆಯುತ್ತದೆ, ನಿಜ. ಆದರೆ ಇಲಿ ಅದನ್ನು ಸುಲಭವಾಗಿ ಕಡಿದು ಹಾಕುತ್ತದೆ, ಬಿಸಿಲಿಗೆ ಸಿಕ್ಕರೆ ಪುಡಿಯಾಗುತ್ತದೆ.

ಆದುದರಿಂದ ನೆನಪಿಡಬೇಕಾದ ಸೂತ್ರ ಒಂದೇ: ಗಾಳಿಯನ್ನು ಒಳಬದಿಯಲ್ಲಿ ತಡೆಯಿರಿ, ಇಲಿಯನ್ನು ಹೊರಬದಿಯಲ್ಲಿ ತಡೆಯಿರಿ, ನೀರಿಗೆ ಮಾತ್ರ ಹೊರಗೆ ಹೋಗುವ ದಾರಿ ಬಿಡಿ.

ಮೊದಲು ಸಂದನ್ನು ಹುಡುಕಿ

ಕಣ್ಣಿಗೆ ಕಾಣುವ ಸಂದು ಅರ್ಧ ಮಾತ್ರ. ಉಳಿದದ್ದನ್ನು ಹುಡುಕಲು ಖರ್ಚಿಲ್ಲದ ಮೂರು ಉಪಾಯಗಳಿವೆ.

ಗಾಳಿ ಬೀಸುವ ಸಂಜೆ ಬಾಗಿಲು ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿಕೊಂಡು ಗೋಡೆಯ ಬುಡದುದ್ದಕ್ಕೂ ನಿಧಾನವಾಗಿ ಸಾಗಿ. ಹೊಗೆ ಎಲ್ಲಿ ಒಳಕ್ಕೆ ಬಾಗುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ಹುಲ್ಲು, ಗೋಣಿಚೀಲ ಇರುವ ಕಡೆ ಕಿಡಿಯ ಬಗ್ಗೆ ಎಚ್ಚರವಿರಲಿ.

ರಾತ್ರಿ ಒಬ್ಬರು ಹೊರಗಿನಿಂದ ಬುಡಕ್ಕೆ ಟಾರ್ಚ್ ಹಿಡಿಯಲಿ, ಒಬ್ಬರು ಒಳಗೆ ಕತ್ತಲೆಯಲ್ಲಿ ನಿಂತು ನೋಡಲಿ. ಬೆಳಕು ನುಸುಳಿದಲ್ಲಿ ಗಾಳಿಯೂ ನುಸುಳುತ್ತದೆ.

ಮಲಗುವ ಮುಂಚೆ ಗೋಡೆಯಂಚಿಗೆ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಉದುರಿಸಿ. ಬೆಳಿಗ್ಗೆ ನೋಡಿದರೆ ಇಲಿಯ ಹೆಜ್ಜೆ ಯಾವ ಸಂದಿನಿಂದ ಬಂದಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಪಡುವಣ ಮತ್ತು ತೆಂಕಣ ಗೋಡೆಗಳನ್ನು ಮೊದಲು ನೋಡಿ. ಮಳೆಗಾಳಿ ಬಡಿಯುವುದು ಆ ಕಡೆಯಿಂದ. ಕಂಬ ಅಡಿಮರಕ್ಕೆ ಕೂಡುವ ಮೂಲೆಗಳನ್ನೂ ಹೊಸ್ತಿಲಿನ ಎರಡು ತುದಿಗಳನ್ನೂ ಬಿಡಬೇಡಿ.

ಮುಚ್ಚುವ ಮುಂಚಿನ ಕೆಲಸ

ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಕಾಲ ಉತ್ತಮ. ಮರ ಮತ್ತು ಮಣ್ಣು ಎರಡೂ ಒಣಗಿರುತ್ತವೆ, ಗದ್ದೆ ಕೆಲಸವೂ ಹಗುರ. ಒದ್ದೆ ಮರದ ಮೇಲೆ ಏನನ್ನೂ ಮುಚ್ಚಬಾರದು.

ಅಡಿಮರದ ಪರೀಕ್ಷೆ: ಚೂಪಾದ ಉಳಿಯಿಂದ ಒಂದೊಂದು ಅಡಿಗೆ ಒತ್ತಿ ನೋಡಿ. ಗಟ್ಟಿ ಮರದಲ್ಲಿ ಉಳಿ ನಿಲ್ಲುತ್ತದೆ, ಕೊಳೆತಲ್ಲಿ ಒಳಗೆ ಇಳಿಯುತ್ತದೆ. ಮೇಲುಮೇಲೆ ಮಾತ್ರ ಮೆತ್ತಗಾಗಿದ್ದರೆ ಕೆತ್ತಿ ತೆಗೆದರೆ ಸಾಕು. ಒಂದು ಅಂಗುಲಕ್ಕೂ ಹೆಚ್ಚು ಆಳ ಕೊಳೆತಿದ್ದರೆ ಆ ತುಂಡನ್ನು ಬದಲಿಸಬೇಕು. ಗೋಡೆಯ ಭಾರ ಅದರ ಮೇಲಿರುವುದರಿಂದ ಇದು ನುರಿತ ಬಡಗಿಯ ಕೆಲಸ, ನೀವೇ ಕೈಹಾಕಬೇಡಿ. ಹೊಸ ತುಂಡಿಗೆ ಹೊನ್ನೆ, ಕಿರಾಲಭೋಗಿ, ಹಲಸಿನಂಥ ಮರದ ಚೇಗನ್ನೇ ಬಳಸಿ. ಹೊರಗಿನ ಬಿಳಿಯ ಭಾಗ ಯಾವ ಮರದ್ದಾದರೂ ಗೆದ್ದಲಿಗೆ ತುತ್ತು. ಸ್ವಂತ ಜಮೀನಿನ ಮರವಾದರೂ ಕಡಿಯುವ ಮುಂಚೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ಹೊರಗಿನ ಮಣ್ಣು: ವರ್ಷವರ್ಷವೂ ಅಂಗಳದ ಮಣ್ಣು, ಕಸ, ತರಗೆಲೆ ಗೋಡೆಯ ಬುಡಕ್ಕೆ ಸೇರಿ ಎತ್ತರವಾಗುತ್ತದೆ. ಅಡಿಮರದ ತಳದಿಂದ ಕನಿಷ್ಠ ಒಂದು ಅಡಿ ಕೆಳಗೆ ಮಣ್ಣು ಇರುವಂತೆ ಕೆರೆದು ತೆಗೆಯಿರಿ. ನೀರು ಮನೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಮಾಡಿ. ಮಾಡಿನ ನೀರು ಬೀಳುವ ಗೆರೆಯಲ್ಲಿ ಜಲ್ಲಿಕಲ್ಲು ಹರಡಿದರೆ ಕೆಸರು ಸಿಡಿದು ಮರಕ್ಕೆ ಹತ್ತುವುದಿಲ್ಲ. ಗೋಡೆಗೆ ಒರಗಿಸಿ ಸೌದೆ ಒಟ್ಟುವ ಅಭ್ಯಾಸ ಬಿಡಿ. ಅದು ಗೆದ್ದಲಿಗೆ ಹಾಕಿಕೊಟ್ಟ ಏಣಿ.

ಗೆದ್ದಲು: ಕಲ್ಲುಕಟ್ಟೆಯ ಮೇಲೆ ಪೆನ್ಸಿಲ್ ಗಾತ್ರದ ಮಣ್ಣಿನ ಗೆರೆಗಳು ಏರಿದ್ದರೆ ಗೆದ್ದಲು ಬಂದಿದೆ ಎಂದೇ ಅರ್ಥ. ಗೆರೆಯನ್ನು ಕೆರೆದು ತೆಗೆದು ಎರಡು ವಾರ ಬಿಟ್ಟು ನೋಡಿ. ಮತ್ತೆ ಕಟ್ಟಿದ್ದರೆ ಗೂಡು ಜೀವಂತವಾಗಿದೆ. ಹಿಂದೆ ಇದಕ್ಕೆ ಆಲ್ಡ್ರಿನ್, ಬಿ.ಎಚ್.ಸಿ. ಪುಡಿ ಸುರಿಯುವ ಪದ್ಧತಿ ಇತ್ತು. ಆಲ್ಡ್ರಿನ್ 1996ರಲ್ಲಿ, ಬಿ.ಎಚ್.ಸಿ. 1997ರಲ್ಲಿ ನಿಷೇಧವಾಗಿವೆ. ಹಳೆಯ ಡಬ್ಬಿ ಅಟ್ಟದ ಮೂಲೆಯಲ್ಲಿ ಉಳಿದಿದ್ದರೆ ಅದನ್ನು ಬಳಸಬೇಡಿ, ತೋಡಿಗೆ ಎಸೆಯಲೂಬೇಡಿ. ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ ಸಲಹೆ ಪಡೆಯಿರಿ. ಈಗ ಯಾವ ಔಷಧಕ್ಕೆ ಅನುಮತಿ ಇದೆ, ಎಷ್ಟು ಬಳಸಬೇಕು ಎಂಬುದನ್ನೂ ಅಲ್ಲಿಯೇ ಕೇಳಿಕೊಳ್ಳಿ.

ಇಲಿ: ಸಂದು ಮುಚ್ಚುವ ಮುಂಚೆ ಒಂದು ವಾರ ಬೋನು ಇಟ್ಟು ಒಳಗಿನ ಇಲಿಗಳನ್ನು ಹಿಡಿಯಿರಿ. ಇಲ್ಲವಾದರೆ ಕಳ್ಳನನ್ನು ಒಳಗೇ ಇಟ್ಟು ಬೀಗ ಹಾಕಿದಂತಾಗುತ್ತದೆ.

ಮುಚ್ಚುವ ಕ್ರಮ

1. ಶುದ್ಧ ಮಾಡುವುದು: ಸಡಿಲವಾದ ಹಳೆಯ ಗಾರೆ, ಮಣ್ಣು, ಗೂಡುಗಳನ್ನೆಲ್ಲ ಕಬ್ಬಿಣದ ಸಲಾಕೆಯಿಂದ ಕೆರೆದು ತೆಗೆಯಿರಿ. ಸಿಮೆಂಟು ಮೆತ್ತಿದ್ದರೆ ಅಡಿಮರವನ್ನು ಮುಚ್ಚಿರುವಷ್ಟನ್ನೂ ಒಡೆಯಿರಿ. ನಾಲ್ಕಾರು ದಿನ ಗಾಳಿಯಾಡಲು ಬಿಡಿ.

2. ಕಟ್ಟೆಯ ಕಲ್ಲಿನ ಸಂದು: ಕಲ್ಲು ಕಲ್ಲಿನ ನಡುವಿನ ಸಂದುಗಳಿಗೆ ಗಾರೆ ಹಾಕಬಹುದು, ಅಲ್ಲಿ ಮರದ ಅಲುಗಾಟವಿಲ್ಲ. ಒಂದು ಪಾಲು ನೆನೆಸಿದ ಸುಣ್ಣಕ್ಕೆ ಮೂರು ಪಾಲು ಮರಳು ಸೇರಿಸಿದ ಗಾರೆ ಸಾಕು. ಗಾರೆಯನ್ನು ಅಡಿಮರದ ತಳಕ್ಕೆ ಒಂದು ಬೆರಳು ಕೆಳಗೇ ನಿಲ್ಲಿಸಿ. ಮೇಲ್ಮೈಯನ್ನು ಹೊರಕ್ಕೆ ಇಳಿಜಾರಾಗಿಸಿ.

3. ಮರಕ್ಕೆ ಲೇಪ: ಒಳಬದಿಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಎರಡು ಸಲ ಬಳಿದರೆ ಕೊಳೆತಕ್ಕೂ ಹುಳಕ್ಕೂ ತಡೆ. ಇದು ಮಳೆಯಲ್ಲಿ ತೊಳೆದುಹೋಗುವುದರಿಂದ ಹೊರಬದಿಗೆ ಪ್ರಯೋಜನವಿಲ್ಲ. ಹೊರಬದಿಗೆ ಕರಾವಳಿಯವರು ಬಳಸುತ್ತ ಬಂದಿರುವ ಗೇರುಸಿಪ್ಪೆಯ ಎಣ್ಣೆ ಒಳ್ಳೆಯದು. ಈ ಎಣ್ಣೆ ಮೈಗೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ. ಕೈಗವಸು ಹಾಕಿಯೇ ಬಳಿಯಿರಿ, ಮಕ್ಕಳನ್ನು ದೂರವಿಡಿ, ಕಾಳು ತಾಗುವ ಕಡೆ ಬಳಿಯಬೇಡಿ.

4. ಹೊರಬದಿಗೆ ಜಾಲರಿ: ಕಾಲಂಗುಲಕ್ಕಿಂತ ಸಣ್ಣ ಕಣ್ಣಿನ ತಂತಿ ಜಾಲರಿಯನ್ನು ನಾಲ್ಕು ಅಂಗುಲ ಅಗಲಕ್ಕೆ ಕತ್ತರಿಸಿ. ಅದರ ಮೇಲಂಚನ್ನು ಅಡಿಮರಕ್ಕೆ ಮೊಳೆ ಹೊಡೆದು, ಕೆಳಗಂಚನ್ನು ಕಲ್ಲಿಗೆ ಒತ್ತಿ ಕೂರುವಂತೆ ಬಾಗಿಸಿ. ಇಲಿ ಬರಲಾರದು, ಒಳಗೆ ಇಳಿದ ನೀರು ಹೊರಗೆ ಬರುತ್ತದೆ. ಮಲೆನಾಡಿನ ತೇವಕ್ಕೆ ಸಾದಾ ಕಬ್ಬಿಣದ ಜಾಲರಿ ಬೇಗ ತುಕ್ಕು ಹಿಡಿಯುತ್ತದೆ. ಕೈಲಾದವರು ಸ್ಟೀಲಿನದನ್ನೇ ತನ್ನಿ.

5. ನೀರು ತೊಟ್ಟಿಕ್ಕುವ ಪಟ್ಟಿ: ಜಾಲರಿಯ ಮೇಲೆ, ಅಡಿಮರಕ್ಕೆ ಎರಡು ಅಂಗುಲದ ಮರದ ಪಟ್ಟಿ ಬಡಿಯಿರಿ. ಪಟ್ಟಿಯ ಮೇಲ್ಭಾಗ ಹೊರಕ್ಕೆ ಇಳಿಜಾರಾಗಿರಲಿ, ಅಡಿಯಲ್ಲಿ ಒಂದು ಸಣ್ಣ ಗಾಡಿ ಕೊರೆಸಿ. ಗೋಡೆಯಿಂದ ಇಳಿದ ನೀರು ಆ ಗಾಡಿಯ ಬಳಿ ತುಂಡಾಗಿ ಕೆಳಗೆ ಬೀಳುತ್ತದೆ, ಹಿಂದಕ್ಕೆ ಹರಿದು ಸಂದು ಸೇರುವುದಿಲ್ಲ.

6. ಒಳಬದಿಗೆ ತೆಂಗಿನ ನಾರಿನ ಹಗ್ಗ: ಗಾಳಿ ತಡೆಯುವ ಮುಖ್ಯ ಕೆಲಸ ಇದು. ಸಂದಿಗಿಂತ ಸ್ವಲ್ಪ ದಪ್ಪನೆಯ ಹಗ್ಗ ಬೇಕು. ಸಂದು 10 ಮಿ.ಮೀ. ಇದ್ದರೆ 12 ಅಥವಾ 13 ಮಿ.ಮೀ. ಹಗ್ಗ ಆರಿಸಿ. ಹಗ್ಗವನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಮೊಂಡು ಉಳಿ ಮತ್ತು ಕೊಡತಿಯಿಂದ ಸಂದಿನೊಳಕ್ಕೆ ಬಡಿದು ಕೂರಿಸಿ. ದೋಣಿಯ ಹಲಗೆಗಳ ಸಂದಿಗೆ ನಾರು ಬಡಿಯುವ ಕ್ರಮದ ಹಾಗೆಯೇ ಇದು. ಮರ ಉಬ್ಬಿದಾಗ ನಾರು ಅದುಮಿಕೊಳ್ಳುತ್ತದೆ, ಕುಗ್ಗಿದಾಗ ಹಿಗ್ಗುತ್ತದೆ. ಸಿಮೆಂಟಿಗೆ ಇಲ್ಲದ ಗುಣ ಇದೇ. ಸಂದು ಅಗಲವಿದ್ದರೆ ಎರಡೆಳೆ ಹಾಕಿ. ಕೂದಲೆಳೆಯಂಥ ಸಣ್ಣ ಬಿರುಕಿಗೆ ಅಗಸೆ ಎಣ್ಣೆಯಲ್ಲಿ ಕಲಸಿದ ಸೀಮೆಸುಣ್ಣದ ಪುಡಿಯ ಲಪ್ಪ ಸಾಕು.

7. ಮೇಲಿನ ಮುಚ್ಚಿಗೆ: ಹಗ್ಗ ಕಾಣದಂತೆ ಒಳಗಡೆ ಒಂದು ರೀಪು ಬಡಿಯಿರಿ. ಮೊಳೆ ಅಡಿಮರಕ್ಕೆ ಮಾತ್ರ ಹೊಡೆಯಬೇಕು, ನೆಲಕ್ಕೆ ಅಥವಾ ಕಲ್ಲಿಗೆ ಬಿಗಿಯಬಾರದು. ಎರಡೂ ಕಡೆ ಬಿಗಿದರೆ ಮರ ಅಲುಗಿದಾಗ ರೀಪು ಸೀಳುತ್ತದೆ.

ಬಿದಿರು ತಟ್ಟಿಯ ಮಣ್ಣಿನ ಗೋಡೆಯಾದರೆ ಇನ್ನೊಂದು ಮಾತು. ಮೇಲಿನ ಭಾಗಕ್ಕೆ ಹುಲ್ಲು ಕೊಳೆಸಿದ ಮಣ್ಣು ಮೆತ್ತುವುದು ಸರಿಯೇ. ಬುಡದ ಒಂದು ಗೇಣಿಗೆ ಮಾತ್ರ ಹುಲ್ಲು, ಸಗಣಿ ಸೇರಿಸದ ಸುಣ್ಣ-ಮರಳಿನ ಗಾರೆ ಹಾಕಿ. ಹುಲ್ಲು ಗೆದ್ದಲಿಗೆ ಊಟ.

ಎಲ್ಲಿ ಮುಚ್ಚಬಾರದು?

ಬುಡವನ್ನು ಮುಚ್ಚಿದ ಉತ್ಸಾಹದಲ್ಲಿ ಮಾಡಿನ ಕೆಳಗಿನ ಗಾಳಿಕಿಂಡಿಗಳನ್ನು ಮುಚ್ಚಬೇಡಿ. ಒಳಗಿನ ತೇವ ಹೊರಗೆ ಹೋಗುವುದು ಅಲ್ಲಿಂದಲೇ. ಇಲಿ ಬರದಂತೆ ಅದಕ್ಕೂ ಜಾಲರಿ ಬಡಿದರೆ ಸಾಕು. ಚೀಲಗಳನ್ನು ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ, ಹಲಗೆಯ ಮಣೆಯ ಮೇಲೆ ಇಡಿ.

ಮುಖ್ಯವಾಗಿ ಜೀವಕ್ಕೆ ಸಂಬಂಧಿಸಿದ ಎರಡು ಮಾತು. ಮಳೆಗಾಲದ ಚಳಿಗೆ ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ಅಭ್ಯಾಸ ಕೆಲವು ಕಡೆ ಇದೆ. ಸಂದುಗಳು ತೆರೆದಿದ್ದಾಗ ಹೇಗೋ ನಡೆದುಹೋಗುತ್ತಿತ್ತು. ಸಂದು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಮಲಗಿದಂತೆಯೇ ಸಾಯಬಹುದು. ಬುಡ ಭದ್ರಪಡಿಸಿದ ಮನೆಯಲ್ಲಿ ಮಲಗುವಾಗ ಕೆಂಡ ಇಡಲೇಬಾರದು.

ಎರಡನೆಯದು, ಕಾಳಿನ ಹುಳುವಿಗೆಂದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುವುದು. ಗಾಳಿಯ ತೇವ ತಾಗಿದೊಡನೆ ಈ ಗುಳಿಗೆಯಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಮರದ ಗೋಡೆಯ ಸಂದು, ಹಲಗೆಯ ಬಿರುಕು, ಅಟ್ಟದ ಕಂಡಿಗಳ ಮೂಲಕ ಪಕ್ಕದ ಕೋಣೆಗೆ ನುಸುಳಿ ಮಲಗಿದವರ ಪ್ರಾಣ ತೆಗೆಯಬಲ್ಲದು. ಇದರ ಮಾರಾಟ ಮತ್ತು ಬಳಕೆ ನಿರ್ಬಂಧಕ್ಕೆ ಒಳಪಟ್ಟಿದೆ, ಪರಿಣತರ ಮೇಲ್ವಿಚಾರಣೆಯಲ್ಲಿ ಮಾತ್ರ ನಡೆಯಬೇಕಾದ ಕೆಲಸ. “ಸಂದನ್ನೆಲ್ಲ ಮುಚ್ಚಿದ್ದೇವೆ, ಇನ್ನು ಧೈರ್ಯವಾಗಿ ಗುಳಿಗೆ ಇಡಬಹುದು” ಎಂದು ಯಾರೂ ತಿಳಿಯಬಾರದು. ಇಲ್ಲಿ ಹೇಳಿದ ನಾರಿನ ಮುಚ್ಚಿಗೆ ಬೀಸುವ ಗಾಳಿಯನ್ನು ತಡೆಯುತ್ತದೆಯೇ ಹೊರತು ವಿಷಾನಿಲವನ್ನಲ್ಲ. ವಾಸದ ಮನೆಗೆ ಕೂಡಿಕೊಂಡಿರುವ ಉಗ್ರಾಣದಲ್ಲಿ ಈ ಗುಳಿಗೆ ಬೇಡವೇ ಬೇಡ. ಚೆನ್ನಾಗಿ ಒಣಗಿಸಿದ ಭತ್ತ, ಶುಚಿಯಾದ ಪಣತ, ಆಗಾಗ ಬಿಸಿಲು, ಇವೇ ಸಾಕು.

ವರ್ಷಕ್ಕೊಂದು ದಿನ

ಮೇಲೆ ಹೇಳಿದ ಕೆಲಸವನ್ನು ಒಮ್ಮೆ ಸರಿಯಾಗಿ ಮಾಡಿದರೆ ಮತ್ತೆ ಮತ್ತೆ ದೊಡ್ಡ ಖರ್ಚಿಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ, ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವ ದಿನವೇ ಬುಡವನ್ನೂ ಒಂದು ಸುತ್ತು ನೋಡಿ. ಜಾಲರಿ ಎಲ್ಲಾದರೂ ಎದ್ದಿದೆಯೇ, ಗೆದ್ದಲಿನ ಗೆರೆ ಏರಿದೆಯೇ, ಮಣ್ಣು ಮತ್ತೆ ಸೇರಿದೆಯೇ ಎಂದು ಗಮನಿಸಿ. ಮಳೆ ನಿಂತ ಮೇಲೆ ಸೋಗೆ ತಟ್ಟಿ ಬಿಚ್ಚಿ ಗೋಡೆಗೆ ಬಿಸಿಲು ತಾಗಲು ಬಿಡಿ.

ಒಂದೇ ಸಲಕ್ಕೆ ಮನೆಯೆಲ್ಲ ಮಾಡಿಸಲು ಅನುಕೂಲವಿಲ್ಲದವರು ಈ ವರ್ಷ ಉಗ್ರಾಣದ ಪಡುವಣ ಗೋಡೆಯೊಂದನ್ನಾದರೂ ಮಾಡಿ. ಹತ್ತು ಅಡಿ ಗೋಡೆಗೆ ಹನ್ನೆರಡು ಅಡಿ ಹಗ್ಗ, ಅಷ್ಟೇ ಜಾಲರಿ, ಎರಡು ಪಟ್ಟಿ, ಒಂದಿಷ್ಟು ಮೊಳೆ, ಒಬ್ಬ ಬಡಗಿಯ ಒಂದು ದಿನದ ಕೂಲಿ. ಇಲಿ ತಿಂದು ಕೆಡಿಸುವ ಭತ್ತದ ಬೆಲೆಯನ್ನು ಇದರ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ ನೋಡಿ. ಮಳೆ ಹಿಡಿದ ಮೇಲೆ ಸಂದಿಗೆ ಗೋಣಿ ತುರುಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಒಣ ದಿನಗಳು ಇರುವಾಗಲೇ ಊದುಬತ್ತಿ ಹಚ್ಚಿಕೊಂಡು ಗೋಡೆಯ ಬುಡಕ್ಕೆ ಬಗ್ಗಿರಿ.